ಮರಳು ಮುಚ್ಚಿದ ಗಿಡವನ್ನು ಅಗೆದು ನೋಡಿದಾಗ

ಕಡಲ ದಂಡೆಯ ಮರಳು ದಿಬ್ಬಗಳಲ್ಲಿ ಗಿಡ ಹೇಗೆ ಬದುಕುತ್ತದೆ ಎನ್ನುವುದು ನನ್ನ ಸಂಶೋಧನೆ. ಮೊದಲ ದಿನ ನನ್ನ ಸಂಶೋಧನೆಯ ಗೈಡ್ ನನ್ನ ಕೈಯಲ್ಲಿದ್ದ ಅಳತೆ ಟೇಪ್ ಇಸಿದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು. "ಇವತ್ತು ಏನೂ ಅಳೆಯೋದು ಬೇಡ. ನೀರಿನ ಅಂಚಿನಿಂದ ಒಳಗೆ ಸುಮ್ನೆ ನಡ್ಕೊಂಡು ಹೋಗು. ಗಿಡ ಬದಲಾದ ಕಡೆ ಮಾತ್ರ ನಿಲ್ಲು" ಎಂದರು.

ನೀರಿನ ಅಂಚಿನಲ್ಲಿ ಬರೀ ಮರಳು. ಉಬ್ಬರ ತಂದು ಬಿಟ್ಟ ಕಸದ ಸಾಲು ದಾಟಿದ ಮೇಲೆ ಮೊದಲ ಹಸಿರು ಕಂಡಿತು. ಅದು ಅಡುಂಬು ಬಳ್ಳಿ. ತುದಿಯಲ್ಲಿ ಸೀಳಿದ ದಪ್ಪ ಎಲೆ, ನೇರಳೆ ಹೂವು. ಐಪೋಮಿಯ ಪೆಸ್-ಕ್ಯಾಪ್ರೆ ಎನ್ನುವ ಅದರ ವೈಜ್ಞಾನಿಕ ಹೆಸರಿನಲ್ಲೂ ಆಡಿನ ಪಾದವೇ ಇದೆ. ಎಲೆ ನೋಡಿದರೆ ಯಾಕೆ ಅಂತ ಹೇಳಬೇಕಾಗಿಲ್ಲ. ಅದರ ಹಿಂದೆ ಮರಳು ಏರುತ್ತಾ ಹೋಗಿತ್ತು. ಏರಿನಲ್ಲಿ ರಾವಣನ ಮೀಸೆ ಹುಲ್ಲು, ಮುಟ್ಟಿದರೆ ಸೂಜಿಯ ಹಾಗೆ ಚುಚ್ಚುತ್ತಿತ್ತು. ದಿಬ್ಬದ ನೆತ್ತಿ ದಾಟಿ ಇಳಿದರೆ ಒಂದು ತಗ್ಗು. ಅಲ್ಲಿ ಗಾಳಿಯ ಸದ್ದೇ ಕಡಿಮೆ, ಕಾಲಡಿಯಲ್ಲಿ ಜೇಕು ಮತ್ತು ಸಣ್ಣ ಹುಲ್ಲು. ಇನ್ನೂ ಒಳಗೆ ಪೊದೆಗಳು, ಮುಂಡಿಗೆ, ಕೊನೆಗೆ ಹೊನ್ನೆ ಮರದ ನೆರಳು. ಹತ್ತು ನಿಮಿಷದ ನಡಿಗೆಯಲ್ಲಿ ಆರು ಕಡೆ ನಿಂತಿದ್ದೆ.

"ಈಗ ಎಷ್ಟು ವರ್ಷ ನಡೆದೆ ಗೊತ್ತಾ?" ಎಂದು ಅವರು ಕೇಳಿದರು. ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಆಗ ಅಮೆರಿಕದ ಸಸ್ಯವಿಜ್ಞಾನಿ ಹೆನ್ರಿ ಚಾಂಡ್ಲರ್ ಕೌಲ್ಸ್ ಬಗ್ಗೆ ಹೇಳಿದರು. ಭೂವಿಜ್ಞಾನ ಓದಲು ಶಿಕಾಗೊ ವಿಶ್ವವಿದ್ಯಾಲಯಕ್ಕೆ ಬಂದು ಗಿಡಗಳ ಕಡೆ ತಿರುಗಿದವರು. ಮಿಶಿಗನ್ ಸರೋವರದ ದಂಡೆಯ ಮರಳು ದಿಬ್ಬಗಳ ಮೇಲೆ ಓಡಾಡಿ, 1899ರಲ್ಲಿ ಅಲ್ಲಿನ ಸಸ್ಯಗಳ ಬಗ್ಗೆ ಬರೆದರು. ಸರೋವರದ ನೀರು ಹಿಂದೆ ಸರಿದ ಹಾಗೆ ಒಂದರ ಮುಂದೆ ಒಂದು ದಿಬ್ಬ ಹುಟ್ಟಿದೆ. ನೀರಿನ ಪಕ್ಕದ್ದು ಹೊಸದು, ಒಳಗಿನದು ಹಳೆಯದು. ಹಾಗಾಗಿ ಒಳಗೆ ನಡೆಯುವುದು ಎಂದರೆ ಕಾಲದಲ್ಲಿ ನಡೆದ ಹಾಗೆ. ಖಾಲಿ ಮರಳಿನ ಮೇಲೆ ಮೊದಲು ಯಾರು ಬರುತ್ತಾರೆ, ಅವರ ಜಾಗಕ್ಕೆ ಆಮೇಲೆ ಯಾರು ಬರುತ್ತಾರೆ ಎನ್ನುವುದನ್ನು ನೂರಾರು ವರ್ಷ ಕಾಯದೆ ಒಂದೇ ದಿನ ನೋಡಬಹುದು. ಅವರು ಓಡಾಡಿದ ಆ ದಿಬ್ಬಗಳ ಒಂದು ಭಾಗ 2019ರಿಂದ ಇಂಡಿಯಾನಾ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನವಾಗಿದೆ.

ಕಡಲ ದಂಡೆಯಲ್ಲಿ ವಿಷಯ ಇಷ್ಟು ಸರಳ ಇಲ್ಲ. ಸರೋವರಕ್ಕೆ ಉಪ್ಪಿಲ್ಲ, ಕಡಲಿಗೆ ಇದೆ. ಓಸ್ಟಿಂಗ್ ಮತ್ತು ಬಿಲ್ಲಿಂಗ್ಸ್ ಎಂಬ ಇಬ್ಬರು ವಿಜ್ಞಾನಿಗಳು ಅಮೆರಿಕದ ನಾರ್ತ್ ಕ್ಯಾರೊಲಿನಾ ಕಡಲತೀರದ ದಿಬ್ಬಗಳಲ್ಲಿ ಕೆಲಸ ಮಾಡಿ 1942ರಲ್ಲಿ ಬೇರೆಯದೇ ಮಾತು ಹೇಳಿದರು. ಅಲೆ ಒಡೆದಾಗ ಏಳುವ ಉಪ್ಪಿನ ತುಂತುರನ್ನು ಗಾಳಿ ಹೊತ್ತು ತರುತ್ತದೆ. ಅದನ್ನು ತಡೆದುಕೊಳ್ಳುವ ಗಿಡ ಮುಂದೆ ನಿಲ್ಲುತ್ತದೆ, ತಡೆಯಲಾಗದ್ದು ಹಿಂದೆ ಸರಿಯುತ್ತದೆ. ಅಂದರೆ ಗಿಡಗಳ ಸಾಲು ಹಳೆಯ ಕಾಲದ ಗುರುತು ಮಾತ್ರ ಅಲ್ಲ, ಇವತ್ತು ಬೀಸುವ ಗಾಳಿಯ ಗುರುತೂ ಹೌದು. ಇದರ ಜೊತೆಗೆ ಮೂರನೆಯದೊಂದಿದೆ. ಮೇಲೆ ಬೀಳುವ ಮರಳು. ನನ್ನ ಕೆಲಸ ಅದರ ಬಗ್ಗೆ.

ಮರುದಿನ ಟೇಪ್ ವಾಪಸ್ ಸಿಕ್ಕಿತು. ಉಬ್ಬರದ ಗೆರೆಯಿಂದ ಹೊನ್ನೆ ಮರಗಳ ತನಕ ನೇರ ಗೆರೆ ಎಳೆದೆವು. ಇದಕ್ಕೆ ಟ್ರಾನ್ಸೆಕ್ಟ್ ಅನ್ನುತ್ತಾರೆ. ಪ್ರತಿ 5 ಮೀಟರಿಗೆ ಒಂದು ಚೌಕಟ್ಟು. ಪ್ಲಾಸ್ಟಿಕ್ ಪೈಪಿನಲ್ಲಿ ಮಾಡಿದ್ದು, ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ಅದರೊಳಗೆ ಯಾವ ಗಿಡ ಎಷ್ಟು ಜಾಗ ಮುಚ್ಚಿದೆ ಎಂದು ಬರೆಯಬೇಕು. ಮೊದಲ ವಾರ ನನ್ನ ಕೈ ಗೊತ್ತಿಲ್ಲದೆಯೇ ಚೌಕಟ್ಟನ್ನು ಹಸಿರು ಇದ್ದ ಕಡೆಗೆ ಸರಿಸುತ್ತಿತ್ತು. ಬರೀ ಮರಳಿನ ಮೇಲೆ ಇಟ್ಟು ಸೊನ್ನೆ ಬರೆಯಲು ಮನಸ್ಸೇ ಬರುತ್ತಿರಲಿಲ್ಲ. ಗೈಡ್ ನೋಡಿ, "ಟೇಪ್ ಎಲ್ಲಿ ಹೇಳುತ್ತೋ ಅಲ್ಲೇ ಇಡು. ಖಾಲಿ ಮರಳೂ ಲೆಕ್ಕವೇ" ಎಂದರು. ಆಮೇಲೆ ಆ ಸೊನ್ನೆಗಳೇ ನನಗೆ ಹೆಚ್ಚು ಕೆಲಸಕ್ಕೆ ಬಂದವು.

ಗಿಡಗಳನ್ನು ಎಣಿಸುವುದು ಇಲ್ಲಿ ಆಗದ ಮಾತು. ಒಂದು ಅಡುಂಬು ಬಳ್ಳಿಯ ಬುಡ ಹುಡುಕುತ್ತಾ ಹೋದರೆ ಹತ್ತು ಮೀಟರ್ ದಾಟಿದರೂ ಬುಡ ಸಿಗುವುದಿಲ್ಲ. ಗಿಣ್ಣು ಗಿಣ್ಣಿಗೂ ಬೇರು ಬಿಟ್ಟಿರುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಒಂದು ಗಿಡ ಅಂತ ಹೇಳೋದು ಹೇಗೆ? ಅದಕ್ಕೇ ಎಣಿಕೆ ಬಿಟ್ಟು, ಮುಚ್ಚಿದ ಜಾಗವನ್ನು ನೋಡುತ್ತೇವೆ. ಬ್ರೌನ್-ಬ್ಲಾಂಕೆ ಎಂಬ ಸ್ವಿಸ್ ವಿಜ್ಞಾನಿಯ ಹೆಸರಿನ ಅಳತೆ ಇದಕ್ಕಿದೆ. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಮುಚ್ಚಿದ್ದರೆ 5, ಅರ್ಧದಿಂದ ಮುಕ್ಕಾಲು ಇದ್ದರೆ 4, ಹೀಗೆ ಇಳಿಯುತ್ತಾ ಹೋಗಿ, ಶೇಕಡಾ 5ಕ್ಕಿಂತ ಕಡಿಮೆ ಇದ್ದರೆ 1. ಅಲ್ಲೊಂದು ಇಲ್ಲೊಂದು ಎಲೆ ಅಷ್ಟೇ ಇದ್ದರೆ ಒಂದು ಪ್ಲಸ್ ಗುರುತು. ಕಣ್ಣಂದಾಜು ಆದ್ದರಿಂದ ನನ್ನ 3 ನನ್ನ ಗೆಳತಿಗೆ 2 ಆಗುತ್ತಿತ್ತು. ಕೊನೆಗೆ ರಟ್ಟಿನಲ್ಲಿ 10 ಸೆಂಟಿಮೀಟರ್ ಚೌಕ ಕತ್ತರಿಸಿ ಇಟ್ಟುಕೊಂಡೆವು. ಅದು ಚೌಕಟ್ಟಿನ ಸರಿಯಾಗಿ ಶೇಕಡಾ 1. ಅದನ್ನು ಎಲೆಗಳ ಪಕ್ಕ ಹಿಡಿದು ನೋಡಿದ ಮೇಲೆ ಜಗಳ ನಿಂತಿತು.

ದಿಬ್ಬದ ಏರುತಗ್ಗು ಅಳೆದ ವಿಧಾನ ನನಗೆ ಈಗಲೂ ಬಹಳ ಇಷ್ಟ. 1961ರಲ್ಲಿ ಕೆ. ಓ. ಎಮೆರಿ ಎಂಬ ಕಡಲ ವಿಜ್ಞಾನಿ ಬರೆದು ತಿಳಿಸಿದ್ದು. ಬೇಕಾದದ್ದು ಒಂದೇ ಎತ್ತರದ ಎರಡು ಕೋಲು, ನಡುವೆ ಒಂದು ಹಗ್ಗ, ಮತ್ತೆ ದಿಗಂತ. ಹಗ್ಗ ಬಿಗಿಯಾಗುವಷ್ಟು ದೂರದಲ್ಲಿ ಇಬ್ಬರೂ ಕೋಲು ನೆಟ್ಟಗೆ ಹಿಡಿದು ನಿಲ್ಲಬೇಕು. ಮೇಲಿದ್ದವರು ಕೆಳಗಿನ ಕೋಲಿನ ತುದಿ ಮತ್ತು ಕಡಲು ಆಕಾಶ ಸೇರುವ ಗೆರೆ ಒಂದಾಗುವಂತೆ ಕಣ್ಣನ್ನು ಇಳಿಸಬೇಕು. ಆ ನೋಟ ತಮ್ಮ ಕೋಲಿನಲ್ಲಿ ತುದಿಯಿಂದ ಎಷ್ಟು ಕೆಳಗೆ ಹಾಯುತ್ತದೋ ಅಷ್ಟು ಎತ್ತರದ ವ್ಯತ್ಯಾಸ. ಬ್ಯಾಟರಿ ಬೇಡ, ಉಪಕರಣ ಬೇಡ. ಕಡಲೇ ಮಟ್ಟಗೋಲು. ಆದರೆ ನೆತ್ತಿ ದಾಟಿ ತಗ್ಗಿಗೆ ಇಳಿದ ಕೂಡಲೇ ದಿಗಂತ ಮಾಯ. ಅಲ್ಲಿಂದ ಮುಂದೆ ಗಾರೆ ಕೆಲಸದವರ ನೀರಿನ ಟ್ಯೂಬ್ ಹಿಡಿದು ಮಟ್ಟ ನೋಡಿದೆವು. ಗುಳ್ಳೆ ಸೇರದಂತೆ ಟ್ಯೂಬಿಗೆ ನೀರು ತುಂಬುವುದೇ ಅರ್ಧ ದಿನದ ಕೆಲಸವಾಯಿತು.

ಮಧ್ಯಾಹ್ನದ ಹೊತ್ತು ಅಲ್ಲಿ ಕೂರಲು ಆಗುತ್ತಿರಲಿಲ್ಲ. ಮರಳಿನ ಮೇಲ್ಮೈಯಲ್ಲಿ ಥರ್ಮಾಮೀಟರ್ 50 ಡಿಗ್ರಿ ದಾಟುತ್ತಿತ್ತು. ಅದೇ ಜಾಗದಲ್ಲಿ ಅಂಗೈ ಉದ್ದದಷ್ಟು ತೋಡಿದರೆ ಮರಳು ತಂಪು, ಬೆರಳಿಗೆ ತೇವ ಅಂಟುತ್ತದೆ. ದಿಬ್ಬದ ಗಿಡದ ಬಾಳು ಎಲ್ಲಾ ಈ ಒಂದು ಗೇಣಿನಲ್ಲಿದೆ. ಮೇಲೆ ಸುಡುವ ಪದರ, ಕೆಳಗೆ ತೇವ. ಸಣ್ಣ ಮೊಳಕೆಯ ಬೇರು ಆ ಪದರ ದಾಟಿದರೆ ಗಿಡ ಉಳಿಯುತ್ತದೆ, ದಾಟದಿದ್ದರೆ ಇಲ್ಲ.

ಮರಳು ಎಷ್ಟು ಬೀಳುತ್ತದೆ ಎಂದು ತಿಳಿಯಲು ಗೆರೆಯ ಉದ್ದಕ್ಕೂ ತೆಳ್ಳನೆಯ ಸರಳುಗಳನ್ನು ನೆಟ್ಟೆ. ಅರ್ಧ ಒಳಗೆ, ಅರ್ಧ ಹೊರಗೆ. ತಿಂಗಳಿಗೊಮ್ಮೆ ಹೊರಗಿನ ಉದ್ದ ಅಳೆಯುವುದು. ಉದ್ದ ಕಡಿಮೆ ಆದರೆ ಅಲ್ಲಿ ಮರಳು ಕೂತಿದೆ, ಹೆಚ್ಚಾದರೆ ಕೊಚ್ಚಿ ಹೋಗಿದೆ. ಪಕ್ಕದಲ್ಲಿ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ತುಂಡುಗಳನ್ನು ಕಡ್ಡಿಗೆ ಕಟ್ಟಿದ್ದೆ. ಅವನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ಆ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ನೋಡಿದರೆ ಗಾಳಿ ತಂದ ಉಪ್ಪಿನ ಅಂದಾಜು ಸಿಗುತ್ತದೆ.

ಗಾಳಿ ಜೋರಾದ ದಿನ ಮರಳಿನ ಮೇಲೆ ಹೊಟ್ಟೆ ಆನಿಸಿ ಮಲಗಿ ನೋಡುತ್ತಿದ್ದೆ. ಕಾಳುಗಳು ಹಾರುವುದಿಲ್ಲ, ಜಿಗಿಯುತ್ತವೆ. ಒಂದು ಕಾಳು ಜಿಗಿದು ಬಿದ್ದು ಇನ್ನೊಂದನ್ನು ಎಬ್ಬಿಸುತ್ತದೆ. ಮರುಭೂಮಿಯ ಮರಳನ್ನು ಅಭ್ಯಾಸ ಮಾಡಿದ ರಾಲ್ಫ್ ಬ್ಯಾಗ್ನೋಲ್ಡ್ 1941ರಲ್ಲಿ ಈ ಜಿಗಿತದ ಲೆಕ್ಕವನ್ನು ಬರೆದಿಟ್ಟಿದ್ದಾರೆ. ಹೆಚ್ಚಿನ ಮರಳು ಮೊಣಕಾಲಿಗಿಂತ ಕೆಳಗೇ ಸಾಗುತ್ತದೆ. ಅದಕ್ಕೇ ನೆಲಕ್ಕೆ ಅಂಟಿಕೊಂಡ ಬಳ್ಳಿಯೂ ಸಾಕು. ಎಲೆಗಳ ನಡುವೆ ಗಾಳಿ ನಿಧಾನ ಆಗುತ್ತದೆ, ಕಾಳು ಅಲ್ಲೇ ಕೂರುತ್ತದೆ. ಹುಲ್ಲಿನ ಒಂದೊಂದು ಬುಡದ ಹಿಂದೆಯೂ ಬಾಲದ ಹಾಗೆ ಒಂದು ಪುಟ್ಟ ಮರಳ ಗುಪ್ಪೆ ಬೆಳೆಯುತ್ತಿರುವುದು ಕಾಣುತ್ತಿತ್ತು. ದಿಬ್ಬದ ಮೇಲೆ ಗಿಡ ಬೆಳೆದಿದೆ ಎಂದು ಅಲ್ಲಿಯವರೆಗೆ ಹೇಳುತ್ತಿದ್ದೆ. ಗಿಡದ ಸುತ್ತ ದಿಬ್ಬ ಬೆಳೆದಿದೆ ಎನ್ನುವುದೇ ಸರಿ.

ಒಂದು ವರ್ಷದ ಅಳತೆ ಕೈಗೆ ಬಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ಮರಳು ಜಾಸ್ತಿ ಬಿದ್ದ ಸರಳುಗಳ ಹತ್ತಿರವೇ ರಾವಣನ ಮೀಸೆ ದಟ್ಟವಾಗಿತ್ತು. ಮರಳು ಬೀಳದೆ ನಿಂತುಹೋದ ಜಾಗದಲ್ಲಿ ಅದೇ ಹುಲ್ಲು ನಡುವಿನಲ್ಲಿ ಒಣಗಿ, ಅಂಚಿನಲ್ಲಿ ಮಾತ್ರ ಹಸಿರಾಗಿತ್ತು. ಬೀಳುವ ಮರಳು ಗಿಡಕ್ಕೆ ಕಷ್ಟ, ಅದನ್ನು ಸಹಿಸಿಕೊಂಡು ಬದುಕಿದೆ ಅಂತ ನಂಬಿದ್ದೆ. ಅಳತೆ ಬೇರೆ ಹೇಳುತ್ತಿತ್ತು.

ಗೈಡ್ ಒಂದು ಹಳೆಯ ಪ್ರಬಂಧ ಕೊಟ್ಟರು. ಯುರೋಪಿನ ಕಡಲ ದಿಬ್ಬಗಳಲ್ಲಿ ಮಾರಮ್ ಎಂಬ ಹುಲ್ಲಿದೆ. ವರ್ಷಕ್ಕೆ ಒಂದು ಮೀಟರ್‌ವರೆಗೆ ಮರಳು ಬಿದ್ದರೂ ಅದನ್ನು ತೂರಿಕೊಂಡು ಮೇಲೆ ಬರುತ್ತದೆ. ಮರಳು ಬೀಳುವುದು ನಿಂತರೆ ಸೊರಗುತ್ತದೆ. ನೆದರ್‌ಲ್ಯಾಂಡ್ಸ್‌ನ ವಾನ್ ಡೆರ್ ಪುಟೆನ್ ಮತ್ತು ಜೊತೆಗಾರರು 1993ರಲ್ಲಿ ಇದಕ್ಕೆ ಒಂದು ಕಾರಣ ತೋರಿಸಿದರು. ಹಳೆಯ ಮರಳಿನಲ್ಲಿ ಬೇರಿಗೆ ಹತ್ತುವ ಶಿಲೀಂಧ್ರ, ಜಂತುಹುಳುಗಳು ಸೇರಿಕೊಳ್ಳುತ್ತವೆ. ಗಾಳಿ ತಂದ ಹೊಸ ಮರಳಿನಲ್ಲಿ ಅವು ಇನ್ನೂ ಇರುವುದಿಲ್ಲ. ಹುಲ್ಲು ಹೊಸ ಪದರಕ್ಕೆ ಹೊಸ ಬೇರು ಬಿಟ್ಟು ರೋಗದಿಂದ ಒಂದು ಹೆಜ್ಜೆ ಮುಂದೆ ಓಡುತ್ತಿರುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ದಿಬ್ಬದ ಬಳ್ಳಿಯನ್ನು ಹೂತು ನೋಡಲೇಬೇಕು ಅನ್ನಿಸಿತು.

ಅಡುಂಬು ಬೀಜ ಆರಿಸಿ ತಂದೆ. ನೀರಿನಲ್ಲಿ ನೆನೆಸಿ ಬಿತ್ತಿದೆ. ವಾರ ಕಳೆಯಿತು, ತಿಂಗಳು ಕಳೆಯಿತು, ಏನೂ ಇಲ್ಲ. ತೆಗೆದು ನೋಡಿದರೆ ಬಿತ್ತಿದ ದಿನದ ಹಾಗೇ ಗಟ್ಟಿ. ಇದು ಕಡಲಿನಲ್ಲಿ ತೇಲಿ ಬೇರೆ ದಡ ಸೇರುವ ಬೀಜ. ನೀರು ಒಳಗೆ ಹೋಗದಂತೆ ಸಿಪ್ಪೆ ಬಿಗಿದುಕೊಂಡಿರುತ್ತದೆ. ಗೊತ್ತಿದ್ದ ವಿಷಯವೇ, ಆದರೂ ನನ್ನ ತಲೆಗೆ ಹೊಳೆದಿರಲಿಲ್ಲ. ಒಂದೊಂದೇ ಬೀಜ ಹಿಡಿದು ಒಂದು ಬದಿಯನ್ನು ಉಪ್ಪುಕಾಗದಕ್ಕೆ ತಿಕ್ಕಿದೆ. ಒಳಗಿನ ಬಿಳಿ ಸ್ವಲ್ಪ ಕಂಡರೆ ಸಾಕು, ಜಾಸ್ತಿ ತಿಕ್ಕಿದರೆ ಮೊಳಕೆಗೇ ಪೆಟ್ಟು. ಬೆರಳ ತುದಿ ಉರಿಯುತ್ತಿತ್ತು. ಮರುದಿನ ಬೀಜಗಳು ಊದಿಕೊಂಡಿದ್ದವು. ಕೆಲವೇ ದಿನದಲ್ಲಿ ಸೀಳಿದ ಎರಡೆಲೆಗಳು ಎದ್ದು ನಿಂತವು. ಆ ಬೆಳಗಿನ ಖುಷಿ ಇನ್ನೂ ಹಾಗೇ ಇದೆ.

ಪ್ರಯೋಗದ ಕ್ರಮ ಹೀಗೆ. ಸಸಿ ಸ್ವಲ್ಪ ಬೆಳೆದ ಮೇಲೆ ಕುಂಡದ ಮೇಲೆ ಅಗಲದ ಪೈಪಿನ ತುಂಡು ಕೂರಿಸಿ, ಅದರೊಳಗೆ ಮರಳು ಸುರಿಯುವುದು. ಕೆಲವಕ್ಕೆ ಮರಳು ಹಾಕುವುದಿಲ್ಲ. ಕೆಲವಕ್ಕೆ ಎತ್ತರದ ಕಾಲು ಭಾಗ, ಕೆಲವಕ್ಕೆ ಅರ್ಧ, ಮುಕ್ಕಾಲು, ಪೂರ್ತಿ. ಕೊನೆಯ ಗುಂಪಿಗೆ ತಲೆಯ ಮೇಲೂ ಇನ್ನಷ್ಟು. ಮರಳು ಹಾಕದ ಕುಂಡಗಳಿಗೂ ಖಾಲಿ ಪೈಪ್ ಕೂರಿಸಬೇಕು. ಇಲ್ಲದಿದ್ದರೆ ಪೈಪಿನ ನೆರಳಿನ ಪರಿಣಾಮವನ್ನು ಮರಳಿನ ಪರಿಣಾಮ ಎಂದು ತಿಳಿದುಬಿಡುತ್ತೇವೆ.

ಮೊದಲ ಸಲ ಪ್ರಯೋಗ ಕೆಟ್ಟಿತು. ಮುಚ್ಚಲು ತಂದ ಮರಳನ್ನು ಉಬ್ಬರದ ಗೆರೆಯ ಹತ್ತಿರದಿಂದ ತುಂಬಿದ್ದೆ. ಕಾಲು ಭಾಗ ಮುಚ್ಚಿದ ಸಸಿಗಳ ಎಲೆ ಅಂಚೂ ಕಂದಾಯಿತು. ಗೆಳತಿ ಕುಂಡದ ಕೆಳಗೆ ಸೋರಿದ ನೀರಿಗೆ ಮೀಟರ್ ಅದ್ದಿ ನೋಡಿದಳು. ಉಪ್ಪು. ಸಸಿ ಸೊರಗಿದ್ದು ಹೂತದ್ದಕ್ಕೋ ಉಪ್ಪಿಗೋ? ಹೇಳುವ ದಾರಿಯೇ ಇರಲಿಲ್ಲ. ಅಷ್ಟೂ ಕುಂಡ ಖಾಲಿ ಮಾಡಿದೆವು. ಎರಡನೇ ಸಲ ದಿಬ್ಬದ ಮೇಲಿನ ಮರಳು ತಂದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಸೋಸಿದ ನೀರು ಮತ್ತು ನಲ್ಲಿ ನೀರಿನ ರೀಡಿಂಗ್ ಒಂದೇ ಆಗುವವರೆಗೆ ಬಿಡಲಿಲ್ಲ. ಮರಳು ತೊಳೆಯುವುದು ಅಕ್ಕಿ ತೊಳೆದ ಹಾಗಲ್ಲ. ಬೆನ್ನು ಬಿದ್ದುಹೋಗುತ್ತದೆ.

ಆಮೇಲೆ ಕಾಯುವುದು. ತಲೆ ಮೇಲೂ ಮರಳು ಬಿದ್ದ ಗುಂಪಿನಲ್ಲಿ ಹೆಚ್ಚಿನವು ಮತ್ತೆ ಕಾಣಲೇ ಇಲ್ಲ. ಅರ್ಧ ಹೂತ ಕುಂಡಗಳು ಮೊದಲ ವಾರ ಸುಮ್ಮನಿದ್ದು, ಆಮೇಲೆ ಮರಳೇ ಹಾಕದ ಕುಂಡಗಳನ್ನು ಹಿಂದೆ ಹಾಕಿದವು. ಎಲೆ ದೊಡ್ಡದು, ಬಣ್ಣ ಗಾಢ.

ಅಗೆಯುವ ದಿನ ಬಂತು. ಅಗೆಯುವುದು ಎಂದರೆ ಗುದ್ದಲಿ ಅಲ್ಲ. ಕುಂಡ ಮಲಗಿಸಿ, ಸಣ್ಣ ಧಾರೆಯಲ್ಲಿ ನೀರು ಬಿಟ್ಟು ಮರಳನ್ನು ಕರಗಿಸಿ ಕಳಿಸುವುದು. ಬಲ ಹಾಕಿದರೆ ಕೂದಲಿನಂಥ ಬೇರು ಹರಿಯುತ್ತದೆ. ಮೊದಲ ಗಿಡದ ಮರಳು ಜಾರಿ ಹೋದಾಗ ನಾನು ನಲ್ಲಿ ನಿಲ್ಲಿಸಿ ಗೆಳತಿಯನ್ನು ಕೂಗಿದೆ. ಹೂತುಹೋದ ಕಾಂಡದ ಒಂದೊಂದು ಗಿಣ್ಣಿನಲ್ಲೂ ಬಿಳಿ ಬೇರುಗಳು ಸುತ್ತ ಹೊರಟಿದ್ದವು. ಗಾಳಿಗೆ ತೆರೆದುಕೊಂಡಿದ್ದಾಗ ಕಾಂಡ ಆಗಿದ್ದದ್ದು ಮರಳು ಬಿದ್ದ ಮೇಲೆ ಬೇರು ಬಿಡುವ ಜಾಗವಾಗಿತ್ತು. ಬೇರಿನ ನಡುವೆ ಮರಳ ಕಾಳುಗಳು ಮಾಲೆಯ ಹಾಗೆ ಪೋಣಿಸಿಕೊಂಡಿದ್ದವು. ತೊಳೆದರೂ ಬಿಡಲಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಬೇರಿಗಿಂತ ಸಣ್ಣದಾದ ಶಿಲೀಂಧ್ರದ ಎಳೆಗಳು ಕಾಳಿಗೆ ಕಾಳು ಹೊಲಿದಿದ್ದವು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಇಷ್ಟು ತಿಳಿದ ಮೇಲೆ ದಂಡೆಯನ್ನು ನೋಡುವ ನನ್ನ ಕಣ್ಣು ಬದಲಾಯಿತು. ಅದಕ್ಕೇ ಎರಡನೇ ವರ್ಷ ನಡೆದದ್ದು ನನ್ನನ್ನು ಅಷ್ಟು ಕಾಡಿತು. ಒಂದು ಬೆಳಿಗ್ಗೆ ಹೋದರೆ ಉಬ್ಬರದ ಗೆರೆಯಿಂದ ದಿಬ್ಬದ ಬುಡದ ತನಕ ಬಾಚಣಿಗೆಯ ಗೆರೆಗಳು. ಯಂತ್ರದಿಂದ ದಂಡೆ ಗುಡಿಸಿದ್ದರು. ಪ್ಲಾಸ್ಟಿಕ್ ಹೋಗಿತ್ತು, ಅದು ಒಳ್ಳೆಯದೇ. ಜೊತೆಗೆ ಕಡಲಪಾಚಿ, ಕಟ್ಟಿಗೆ ಚೂರು, ಬೀಜ, ನಾನು ಗುರುತು ಹಾಕಿದ್ದ ಎಳೆ ಬಳ್ಳಿಗಳು, ನಾಲ್ಕು ಸರಳು, ಎಲ್ಲಾ ಹೋಗಿತ್ತು. ಆ ಕಸದ ಸಾಲಿನಲ್ಲೇ ಬೀಜ ನಿಲ್ಲುತ್ತದೆ, ಕೊಳೆತ ಪಾಚಿಯೇ ಬರಡು ಮರಳಿಗೆ ಗೊಬ್ಬರ, ಅಲ್ಲೇ ಮೊದಲ ಹಿಡಿ ಮರಳು ಕೂತು ಹೊಸ ದಿಬ್ಬ ಶುರುವಾಗುತ್ತದೆ. ಹೊಣೆ ಇದ್ದವರಿಗೆ ಅಳತೆಗಳನ್ನು ತೋರಿಸಿ ಮಾತಾಡಿದೆ. ಪ್ಲಾಸ್ಟಿಕ್ಕನ್ನು ಕೈಯಿಂದ ಆರಿಸಿ, ಉಳಿದದ್ದನ್ನು ಬಿಡಿ ಎಂದು ಕೇಳಿಕೊಂಡೆ. ಗೆರೆಯ ಆಚೀಚೆ ಒಂದಿಷ್ಟು ಜಾಗ ಬಿಡಲು ಒಪ್ಪಿದರು. ಉಳಿದ ಕಡೆ ಯಂತ್ರ ಓಡಿತು. ಬಿಟ್ಟ ಜಾಗದಲ್ಲಿ ಬಳ್ಳಿ ಮತ್ತೆ ಕೆಳಗಿಳಿದು ಬಂತು, ಗುಡಿಸಿದ ಜಾಗದಲ್ಲಿ ನನ್ನ ಚೌಕಟ್ಟಿನ ತುಂಬ ಸೊನ್ನೆ. ಆ ಎರಡು ಕಾಲಂ ಪಕ್ಕಪಕ್ಕ ಬರೆಯುವಾಗ ಹೊಟ್ಟೆ ಉರಿಯುತ್ತಿತ್ತು.

ಮೂರನೇ ವರ್ಷದ ಮಳೆಗಾಲದಲ್ಲಿ ದೊಡ್ಡ ಬಿರುಗಾಳಿ ಬಂತು. ಅಲೆ ದಿಬ್ಬದ ಮುಖವನ್ನೇ ಕಡಿದುಕೊಂಡು ಹೋಯಿತು. ನೀರು ಇಳಿದ ಮೇಲೆ ಹೋದಾಗ ನನ್ನ ಗೆರೆಯ ಮೊದಲ ಭಾಗ ಇರಲಿಲ್ಲ. ಅದರ ಜಾಗದಲ್ಲಿ ನನ್ನ ಎದೆಯೆತ್ತರದ ಮರಳ ಗೋಡೆ. ದುಃಖ ಆಯಿತು. ಆದರೆ ಹತ್ತಿರ ಹೋದ ಮೇಲೆ ದುಃಖ ಮರೆತುಹೋಯಿತು. ಕಡಿದ ಗೋಡೆಯಲ್ಲಿ ಪದರ ಪದರವಾಗಿ ಹಳೆಯ ಕಾಂಡಗಳು ಕಾಣುತ್ತಿದ್ದವು. ಕೆಳಗಿನವು ಕಪ್ಪಾಗಿದ್ದವು, ಮೇಲಿನವು ಇನ್ನೂ ಹಸಿ. ಒಂದೊಂದು ಪದರದಲ್ಲೂ ಗಿಣ್ಣುಗಳಿಂದ ಬೇರಿನ ಗುಚ್ಛ. ಕುಂಡದಲ್ಲಿ ಗೇಣುದ್ದಕ್ಕೆ ನೋಡಿದ್ದನ್ನು ದಿಬ್ಬ ಎದೆಯುದ್ದಕ್ಕೆ ಬರೆದಿಟ್ಟಿತ್ತು. ಮರಳು ಬಿದ್ದಿದೆ, ಮೇಲೆ ಬಂದಿದೆ. ಮತ್ತೆ ಬಿದ್ದಿದೆ, ಮತ್ತೆ ಮೇಲೆ ಬಂದಿದೆ. ಗೆಳತಿ ಪಕ್ಕದಲ್ಲಿ ಕೋಲು ಹಿಡಿದು ನಿಂತಳು. ನಾನು ಪದರ ಪದರದ ಎತ್ತರ ಬರೆದುಕೊಂಡೆ, ಕತ್ತಲಾಗುವ ತನಕ.

ಗೋಡೆಯ ಬುಡದಲ್ಲಿ, ಅಲೆ ಮುರಿದು ಎಸೆದ ಅಡುಂಬಿನ ಒಂದು ತುಂಡು ಅರ್ಧ ಹೂತು ಬಿದ್ದಿತ್ತು. ಮೂರು ಗಿಣ್ಣಿನ ತುಂಡು. ಒಂದು ಗಿಣ್ಣಿನಿಂದ ಬೇರು ಇಳಿದು, ಎರಡು ಎಳೆ ಎಲೆ ಮೇಲೆ ಬಂದಿದ್ದವು. ಟೇಪನ್ನು ಹೊಸದಾಗಿ ಎಳೆದೆವು. ಐದನೇ ಮೀಟರಿಗೆ ಚೌಕಟ್ಟು ಇಟ್ಟಾಗ ಆ ತುಂಡು ಅದರೊಳಗೇ ಬಂತು. ಅಡುಂಬು ಎಂದು ಬರೆದು, ಮುಂದೆ ಒಂದು ಪ್ಲಸ್ ಹಾಕಿದೆ.